ಮೇಜಿನ ಮೇಲೊಂದು ಗೀಸರ್

ಎಸ್.ಪಿ. ರೋಡಿನ ಅಂಗಡಿಯೊಂದರ ಕಪಾಟಿನಲ್ಲಿ ಆ ಡಬ್ಬ ಕೂತಿತ್ತು. ಮೈತುಂಬ ಬೆಂಕಿಯುಗುಳುವ ಡ್ರ್ಯಾಗನ್, ಅದರ ಬಾಯಿಯಿಂದಲೇ ಹೊರಟ ಹಾಗೆ ‘2000 ವ್ಯಾಟ್ ಪಿಎಂಪಿಒ’ ಎಂಬ ದಪ್ಪ ಅಕ್ಷರ. ಅಕ್ಕನ ಮಗ ಅದನ್ನು ಕೂಸಿನಂತೆ ಎತ್ತಿಕೊಂಡು, ‘ಮಾಮ, ಇದೇ ಇರ್ಲಿ’ ಅಂದ. ನಾನು ಡಬ್ಬ ತಿರುಗಿಸಿ ನೋಡಿದೆ. ಗೋಡೆಗೆ ಹಾಕುವ ಪ್ಲಗ್ಗೇ ಇಲ್ಲ. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಶ್ಯಾವಿಗೆಯಂಥ ವೈರೊಂದೇ.

ನಮ್ಮ ಬಚ್ಚಲುಮನೆಯ ಗೀಸರ್ ಕೂಡ 2000 ವ್ಯಾಟಿನದು. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಬೇಕು, ಪ್ರತ್ಯೇಕ ಎಂಸಿಬಿ ಬೇಕು. ಕಾಲು ಗಂಟೆ ಉರಿದರೆ ಮೀಟರಿನಲ್ಲಿ ಅರ್ಧ ಯೂನಿಟ್ ಏರುತ್ತದೆ. ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್, ಹೆಚ್ಚೆಂದರೆ ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವ್ಯಾಟ್. ಎರಡೂವರೆ ಕುಡಿದು ಎರಡು ಸಾವಿರ ಉಗುಳುವ ಯಂತ್ರವನ್ನು ಯಾರಾದರೂ ನಿಜವಾಗಿ ಮಾಡಿದ್ದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರವನ್ನು ಇವತ್ತೇ ಮುಚ್ಚಿಬಿಡಬಹುದಿತ್ತು.

ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಲೆಕ್ಕ ಅವನಿಗೆ ತಕ್ಷಣ ಹೊಳೆಯಿತು, ಮುಖ ಸಣ್ಣದಾಯಿತು. ‘ಹಾಗಾದ್ರೆ ಸುಳ್ಳು ಬರ್ದಿದಾರಾ?’ ಅಂದ. ಸುಳ್ಳು ಅನ್ನಲೂ ಬಾರದು, ಅದೇ ಈ ಪಿಎಂಪಿಒದ ಚಾಲಾಕಿತನ. ‘ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್’ ಎಂಬ ಅಳತೆಯನ್ನು ಹೀಗೇ ತೆಗೆಯಬೇಕು ಎಂದು ಎಲ್ಲರೂ ಒಪ್ಪಿದ ನಿಯಮವಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ, ಕಾಗದದ ಮೇಲೆ, ಎಲ್ಲ ಅನುಕೂಲಗಳನ್ನೂ ಊಹಿಸಿಕೊಂಡು ಬರೆದ ಅಂಕಿ ಅದು. ಸ್ಪೀಕರ್ ದಣಿಯದೆ, ದನಿ ಒಡೆಯದೆ ಎಷ್ಟನ್ನು ಸತತವಾಗಿ ತಡೆದುಕೊಳ್ಳುತ್ತದೆ ಎಂಬುದನ್ನು ಹೇಳುವುದು ಆರ್‌ಎಂಎಸ್ ವ್ಯಾಟ್. (ಆ ಹೆಸರೂ ಶಾಸ್ತ್ರಶುದ್ಧವಲ್ಲ ಎಂದು ವಿದ್ಯುತ್ ವಿಷಯ ಓದಿದವರು ತಕರಾರು ತೆಗೆಯುತ್ತಾರೆ. ಇರಲಿ, ಅಂಗಡಿಯಲ್ಲಿ ಕೇಳಬೇಕಾದ ಮಾತು ಅದೇ.) ಡಬ್ಬದ ಮೇಲೆ ಪಿಎಂಪಿಒ ಮಾತ್ರ ಇದ್ದು ಆರ್‌ಎಂಎಸ್ ಇಲ್ಲವೆಂದರೆ ಅದನ್ನು ಇದ್ದಲ್ಲೇ ಇಟ್ಟು ಮುಂದೆ ಹೋಗಿ.

ಹಾಗಾದರೆ ನಿಜವಾದ ವ್ಯಾಟ್ ಎಷ್ಟು ಬೇಕು? ಕೇಳಿದರೆ ಆಶ್ಚರ್ಯವಾಗುವಷ್ಟು ಕಡಿಮೆ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸುಮಾರು 85 ಡೆಸಿಬಲ್ ಸದ್ದು ಬರುತ್ತದೆ. ಕಂಪ್ಯೂಟರ್ ಮುಂದೆ ನಾವು ಕೂರುವುದು ಇನ್ನೂ ಹತ್ತಿರ, ಎರಡು ಎರಡೂವರೆ ಅಡಿಯಲ್ಲಿ. ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಂದರೆ ಕಿವಿ ಕೆಡಿಸಿಕೊಳ್ಳಲು ಒಂದು ವ್ಯಾಟೇ ಧಾರಾಳ. ಉಳಿದ ವ್ಯಾಟುಗಳು ಬೇಕಾಗುವುದು ಮೃದಂಗದ ಒಂದು ಜೋರು ಪೆಟ್ಟಿಗೆ, ಆಟದಲ್ಲಿ ಸಿಡಿಯುವ ಒಂದು ಬಾಂಬಿಗೆ, ಆ ಕ್ಷಣಕ್ಕೆ ದನಿ ಒಡೆಯದಿರಲಿ ಎಂದು. ವ್ಯಾಟ್ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ‘ಇದು ಎರಡರಷ್ಟು ಜೋರು’ ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 20ರ ಸ್ಪೀಕರಿಗೂ 40ರ ಸ್ಪೀಕರಿಗೂ ಕಿವಿಯಲ್ಲಿ ಅಜಗಜಾಂತರ ಏನಿಲ್ಲ. ಎಡಿಫೈಯರ್ ಆರ್-1280ಟಿ ಎಂಬ ಜೋಡಿ ತನ್ನನ್ನು 42 ವ್ಯಾಟ್ ಎಂದಷ್ಟೇ ಕರೆದುಕೊಳ್ಳುತ್ತದೆ. ನೆಲದ ಮೇಲಿಡುವ ದೊಡ್ಡ ವೂಫರ್ ಇರುವ ಲಾಜಿಟೆಕ್ ಜೆಡ್-623 ಕೂಡ 200ಕ್ಕೇ ನಿಲ್ಲುತ್ತದೆ. ಅವುಗಳ ಪಕ್ಕದಲ್ಲಿ ನಮ್ಮ ಡ್ರ್ಯಾಗನ್ನಿನ ಎರಡು ಸಾವಿರವನ್ನು ಇಟ್ಟು ನೋಡಿ.

ಇಷ್ಟಕ್ಕೂ ನಾವು ಪೇಟೆಗೆ ಹೋದದ್ದು ಒಂದು ರಾಜಿಯ ಮೇಲೆ. ಮನೆಯಲ್ಲಿ ಕಂಪ್ಯೂಟರ್ ಒಂದೇ, ಮೇಜೂ ಒಂದೇ. ಸಂಜೆ ಏಳರ ತನಕ ಅದು ನನ್ನದು, ಹಿನ್ನೆಲೆಯಲ್ಲಿ ಹಾಡು ಬೇಕು. ಏಳರ ಮೇಲೆ ಅವನದು, ಗುಂಡಿನ ಸದ್ದು ಬೇಕು. ಅವನ ಪ್ರಕಾರ ‘ಗೇಮಿಂಗ್ ಸ್ಪೀಕರ್’ ಎಂಬುದೊಂದು ಬೇರೆ ಜಾತಿ, ಹಾಡಿನ ಸ್ಪೀಕರ್ ಇನ್ನೊಂದು ಜಾತಿ. ನನ್ನ ಪ್ರಕಾರ ಅಂಥ ಜಾತಿಯೇ ಇಲ್ಲ. ಎಡಕ್ಕೊಂದು, ಬಲಕ್ಕೊಂದು, ಸುಳ್ಳು ಹೇಳದ ಎರಡು ಡಬ್ಬಿಗಳಿದ್ದರೆ ಎರಡೂ ಕೆಲಸ ಆಗುತ್ತದೆ. ಗೇಮಿಂಗ್ ಎಂದು ಬರೆದದ್ದರಲ್ಲಿ ಹೆಚ್ಚಿಗೆ ಸಿಗುವುದು ಬಣ್ಣಬಣ್ಣದ ದೀಪ. ಗಣೇಶನ ಪೆಂಡಾಲಿಗೆ ಅದು ಶೋಭೆ.

ಕಂಪ್ಯೂಟರಿಗೆ ದನಿ ತಂದುಕೊಟ್ಟದ್ದು ಆಟಗಳೇ ಎಂಬುದನ್ನು ಮಾತ್ರ ಅವನ ಪರವಾಗಿ ಒಪ್ಪಬೇಕು. 1981ರ ಐಬಿಎಂ ಪಿಸಿಯ ಹೊಟ್ಟೆಯೊಳಗೆ ಇದ್ದದ್ದು ‘ಬೀಪ್’ ಅನ್ನಲು ಮಾತ್ರ ಬರುವ ಪುಟ್ಟ ಸ್ಪೀಕರ್. ನಮ್ಮ ಪೀಳಿಗೆ ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಪ್ರಿನ್ಸ್ ಆಫ್ ಪರ್ಷಿಯಾ ಆಡಿದ್ದು ಆ ಬೀಪಿನಲ್ಲೇ. 1987ರಲ್ಲಿ ಆಡ್‌ಲಿಬ್ ಕಾರ್ಡ್, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದವು. ಕೊಳ್ಳುವವರು ಲೆಕ್ಕಪತ್ರ ಬರೆಯುವ ಗುಮಾಸ್ತರಾಗಿರಲಿಲ್ಲ, ಆಟದ ಹುಚ್ಚಿನವರೇ ಆಗಿದ್ದರು. ಆಮೇಲೆ ಸಿ.ಡಿ. ಬಂತು, ‘ಮಲ್ಟಿಮೀಡಿಯಾ’ ಎಂಬ ಮಂತ್ರ ಬಂತು, ಮಾನಿಟರಿನ ಎರಡೂ ಕಡೆ ಕೆನೆಬಣ್ಣದ ಪ್ಲಾಸ್ಟಿಕ್ ಸ್ಪೀಕರುಗಳು ಬಂದು ಕೂತವು. ಮೊಬೈಲಿಗೆ ಕರೆ ಬರುವ ಮುಂಚೆ ಅವು ‘ಟಿಕ್ ಟಿಕಿಟಿಕ್ ಟಿಕಿಟಿಕ್’ ಎಂದು ಕಣಿ ಹೇಳುತ್ತಿದ್ದುದು ಎಷ್ಟು ಜನರಿಗೆ ನೆನಪಿದೆಯೋ. ಜಿಎಸ್‌ಎಂ ಫೋನು ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಸಂಕೇತ ಕಳಿಸುತ್ತಿತ್ತು. ಅಗ್ಗದ ಸ್ಪೀಕರಿನ ವೈರು ಅದನ್ನೇ ಹಿಡಿದು ಹಾಡುತ್ತಿತ್ತು. ಈಗ ಪ್ರತ್ಯೇಕ ಸೌಂಡ್ ಕಾರ್ಡಿನ ಹಂಗು ಬೇಡ. 2007ರ ವಿಂಡೋಸ್ ವಿಸ್ತಾದಿಂದ ಈಚೆಗೆ ಆಟಗಳ ಧ್ವನಿಯ ಲೆಕ್ಕವನ್ನೆಲ್ಲ ಮುಖ್ಯ ಪ್ರೊಸೆಸರೇ ಮಾಡುತ್ತದೆ. ಮದರ್‌ಬೋರ್ಡಿನ ಹಸಿರು ಕಿಂಡಿಯೇ ಸಾಕು.

ಈಗ ಆಟದ ವಿಷಯಕ್ಕೆ ಬರೋಣ. ವಾಲರಂಟ್, ಕೌಂಟರ್‌ಸ್ಟ್ರೈಕ್ ಮಾದರಿಯ ಆಟಗಳಲ್ಲಿ ಶತ್ರುವಿನ ಹೆಜ್ಜೆ ಸಪ್ಪಳವೇ ಪ್ರಾಣ. ಸಪ್ಪಳ ಬಂದದ್ದು ಎಡಗಡೆಯ ಬಾಗಿಲಿನಿಂದಲೋ, ಬೆನ್ನ ಹಿಂದಿನಿಂದಲೋ? ನಮ್ಮ ಕಿವಿ ಇದನ್ನು ಕಂಡುಹಿಡಿಯುವ ರೀತಿಯನ್ನು ಲಾರ್ಡ್ ರ‍್ಯಾಲೆ 1907ರಲ್ಲೇ ವಿವರಿಸಿದ್ದ. ಎಡದಿಂದ ಬಂದ ಸದ್ದು ಎಡಗಿವಿಗೆ ಮೊದಲು ತಾಗುತ್ತದೆ, ಬಲಗಿವಿಗೆ ಕೊಂಚ ತಡವಾಗಿ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ, ಎತ್ತರದ ಸ್ವರಗಳಿಗೆ ತಲೆಯೇ ಅಡ್ಡ ನಿಲ್ಲುವುದರಿಂದ ಆಚೆ ಕಿವಿಗೆ ಮೆಲ್ಲಗೆ ಕೇಳುತ್ತದೆ. ಮಿದುಳು ಇಷ್ಟರಿಂದಲೇ ದಿಕ್ಕು ಹೇಳುತ್ತದೆ. ಸ್ಪೀಕರಿನ ತೊಂದರೆ ಏನೆಂದರೆ, ಬಲಗಡೆ ಡಬ್ಬಿಯ ದನಿ ಎಡಗಿವಿಗೂ ಕೇಳುತ್ತದೆ, ಎಡಗಡೆಯದು ಬಲಗಿವಿಗೂ. ಎಡ, ಬಲ, ನಡುವೆ ಎಂಬುದನ್ನು ಎರಡು ಸ್ಪೀಕರುಗಳು ಸೊಗಸಾಗಿ ತೋರಿಸುತ್ತವೆ. ಬೆನ್ನ ಹಿಂದೆ ಎಂಬುದನ್ನು ತೋರಿಸಲಾರವು. ಹೆಡ್‌ಫೋನಿನಲ್ಲಿ ಈ ಬೆರಕೆ ಇಲ್ಲ. ಆಟವೇ ತಲೆ ಮತ್ತು ಕಿವಿಯ ಆಕಾರವನ್ನು ಲೆಕ್ಕ ಹಾಕಿ ಎರಡು ಕಿವಿಗೂ ಬೇರೆಬೇರೆ ದನಿ ಕಳಿಸುತ್ತದೆ.

ಆದ್ದರಿಂದ ಪಂದ್ಯ ಗೆಲ್ಲಲು ಆಡುವವನಿಗೆ ನನ್ನ ಸಲಹೆ, ಸ್ಪೀಕರಿಗೆ ಹಣ ಹಾಕಬೇಡ, ಒಂದು ಹದವಾದ ಹೆಡ್‌ಫೋನ್ ತಗೋ. ನೆರೆಮನೆಯವರ ಹರಕೆಯೂ ಸಿಗುತ್ತದೆ. ಹಾಗೆಂದು ಎಲ್ಲ ಆಟಕ್ಕೂ ಅದೇ ಗತಿ ಅಲ್ಲ. ಕಾರು ಓಡಿಸುವ ಆಟ, ಕಥೆ ಹೇಳುವ ಆಟ, ಕ್ರಿಕೆಟ್ಟು, ಫುಟ್‌ಬಾಲು, ಇವೆಲ್ಲ ಸ್ಪೀಕರಿನಲ್ಲೇ ಚೆಂದ. ಕಲಬುರಗಿಯ ಏಪ್ರಿಲ್‌ನಲ್ಲಿ ಕಿವಿಗೆ ಎರಡು ಮೆತ್ತೆ ಕಟ್ಟಿಕೊಂಡು ಮೂರು ಗಂಟೆ ಕೂತು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಆಟದ ಸೆಟ್ಟಿಂಗ್‌ನಲ್ಲಿ ‘ಹೆಡ್‌ಫೋನ್’ ಎಂದು ಆರಿಸಿಟ್ಟು ಸ್ಪೀಕರಿನಲ್ಲಿ ಕೇಳಿದರೆ ಎಲ್ಲವೂ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ದೂರು ಸ್ಪೀಕರಿನ ಮೇಲೆ ಬೀಳುತ್ತದೆ, ತಪ್ಪು ಅದರದಲ್ಲ.

ಹುಡುಗನ ಎರಡನೇ ಆಸೆ 5.1. ಮುಂದೆ ಮೂರು, ಹಿಂದೆ ಎರಡು, ಕೆಳಗೊಂದು ಸಬ್‌ವೂಫರ್. ‘ಹಿಂದಿನ ಎರಡನ್ನ ಎಲ್ಲಿಡ್ತೀಯೋ?’ ಅಂದೆ. ಅವನ ಕುರ್ಚಿಯ ಹಿಂದೆ ಮಂಚ, ಮಂಚದ ಹಿಂದೆ ಗೋಡೆ, ಗೋಡೆಗೆ ಬಟ್ಟೆಯ ಮೊಳೆ. ಉತ್ತರ ಬರಲಿಲ್ಲ. ನಮ್ಮ ಬಾಡಿಗೆ ಮನೆಗಳ ಕೋಣೆಗಳಲ್ಲಿ 5.1ರ ಹಿಂದಿನ ಸ್ಪೀಕರುಗಳು ಮುಂದಿನ ಸ್ಪೀಕರುಗಳ ತಲೆಯ ಮೇಲೆ ಕೂತಿರುವುದನ್ನು ನಾನು ಕಂಡಿದ್ದೇನೆ. ಸಂಗೀತವಂತೂ ಬಹುಪಾಲು ಎರಡೇ ಚಾನೆಲ್ಲಿನದು. ಅದೇ ದುಡ್ಡನ್ನು ಆರು ಡಬ್ಬಿಗೆ ಹಂಚುವ ಬದಲು ಎರಡಕ್ಕೆ ಸುರಿದರೆ ಎರಡೂ ಚೆನ್ನಾಗಿರುತ್ತವೆ. ಉದ್ದನೆಯ ಸೌಂಡ್‌ಬಾರ್ ಕೂಡ ಹೀಗೇ. ಒಂದೂಕಾಲು ಅಡಿಯ ಕೋಲಿನಲ್ಲಿ ಎಡವೂ ಬಲವೂ ಅಕ್ಕಪಕ್ಕದಲ್ಲೇ ಇದ್ದರೆ ಸ್ಟೀರಿಯೊ ಎಲ್ಲಿಂದ ಬರಬೇಕು?

ಬ್ಲೂಟೂತ್ ಬಗ್ಗೆ ಒಂದು ಮಾತು. ಮೈಸೂರು ದಸರೆಯಲ್ಲಿ ಕುಶಾಲತೋಪು ಹಾರಿಸುವಾಗ ದೂರ ನಿಂತವರಿಗೆ ಮೊದಲು ಹೊಗೆ ಕಾಣುತ್ತದೆ, ಆಮೇಲೆ ಸದ್ದು ಕೇಳುತ್ತದೆ. ಸಾಧಾರಣ ಬ್ಲೂಟೂತ್ ಸ್ಪೀಕರ್ ದನಿಯನ್ನು ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ಸುಮಾರು 200 ಮಿಲಿಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು 68 ಮೀಟರ್ ಓಡಿರುತ್ತದೆ. ಅಂದರೆ ಮೇಜಿನ ಮೇಲಿರುವ ಸ್ಪೀಕರನ್ನು ರಸ್ತೆಯ ಆ ತುದಿಯಲ್ಲಿ ಇಟ್ಟ ಹಾಗೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಮುಂದೇನು ಬರುತ್ತದೆಂದು ಯಂತ್ರಕ್ಕೆ ಗೊತ್ತಿರುವುದರಿಂದ ಚಿತ್ರವನ್ನೂ ಅಷ್ಟೇ ತಡೆದು ತೋರಿಸುತ್ತದೆ. ಆಟದಲ್ಲಿ ನೀವು ಯಾವಾಗ ಗುಂಡು ಹಾರಿಸುತ್ತೀರೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಬ್ಲೂಟೂತ್ ಇರಲಿ, ಫೋನಿನಿಂದ ಹಾಡು ಕೇಳಲು ಅನುಕೂಲ. ಆಟಕ್ಕೆ ವೈರು ಇರಲೇಬೇಕು.

ಇನ್ನು ನನ್ನ ಪಾಲಿನ ಹಾಡು. ಹಿಂದೂಸ್ತಾನಿಯವರು ‘ಬಿಳಿ ಒಂದು’ ಎನ್ನುವ ಶ್ರುತಿಯಲ್ಲಿ ಹಾಡುವ ಗಂಡಸಿನ ತಂಬೂರಿಯಲ್ಲಿ ಖರ್ಜದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಎರಡಿಂಚಿನ ಪುಟ್ಟ ಸ್ಪೀಕರಿಗೆ 65 ಹರ್ಟ್ಸ್ ನುಡಿಸುವ ತಾಕತ್ತು ಇಲ್ಲವೇ ಇಲ್ಲ. ಅದರ ಕಾಗದದ ಕೋನ್ ಅಷ್ಟು ಗಾಳಿಯನ್ನು ತಳ್ಳಲಾರದು. ಆದರೂ ಆ ಸ್ಪೀಕರಿನಲ್ಲಿ ತಂಬೂರಿ ಕೇಳಿಸುತ್ತದೆ, ಖರ್ಜವೂ ಕೇಳಿದಂತಾಗುತ್ತದೆ. ಕಾರಣ ಜೀವಾಳ. ತಂತಿಗೂ ಕುದುರೆಗೂ ನಡುವಿನ ಆ ನೂಲೆಳೆ ಒಂದು ಸ್ವರವನ್ನು ಒಡೆದು ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಕಂಪನಗಳನ್ನೆಲ್ಲ ಚೆಲ್ಲುತ್ತದೆ. 130, 195, 260 ಹೀಗೆ ಮೇಲಿನವು ಕೇಳಿದರೆ ಸಾಕು, ಮಿದುಳು ತಾನೇ ಲೆಕ್ಕ ಮಾಡಿ ಇಲ್ಲದ 65ನ್ನು ಸೇರಿಸಿಕೊಳ್ಳುತ್ತದೆ. ಹಳೆಯ ಟೆಲಿಫೋನು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕಳಿಸುತ್ತಲೇ ಇರಲಿಲ್ಲ; ಗಂಡಸರ ದನಿಯ ಮೂಲಸ್ವರ ಇರುವುದು ಅದಕ್ಕೂ ಕೆಳಗೆ. ಆದರೂ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತಲ್ಲ.

ಸಣ್ಣ ಸ್ಪೀಕರಿನ ವ್ಯಾಪಾರ ನಡೆಯುವುದೇ ಮಿದುಳಿನ ಈ ಔದಾರ್ಯದಿಂದ. ಆದರೆ ಔದಾರ್ಯಕ್ಕೂ ಮಿತಿ ಇದೆ. ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆ ಹಾಕಿ ನೋಡಿ. ಆ ದನಿಯ ತೂಕ ಇರುವುದು 150ರಿಂದ 500 ಹರ್ಟ್ಸ್‌ನ ನಡುವೆ. ಅಲ್ಲಿ ಸೊರಗಿದ ಸ್ಪೀಕರಿನಲ್ಲಿ ಹಾಡುತ್ತಿರುವುದು ಬೇರೆ ಯಾರೋ ಅನ್ನಿಸುತ್ತದೆ. ಸ್ವರ ಸರಿ, ತಾಳ ಸರಿ, ಆಳು ಮಾತ್ರ ಬೇರೆ. ಡೊಳ್ಳಿನದು ಇನ್ನೊಂದು ಪರೀಕ್ಷೆ. ಒಳ್ಳೆಯ ಸ್ಪೀಕರಿನಲ್ಲಿ ಕೋಲು ತೊಗಲಿಗೆ ತಾಗಿದ ‘ಟಪ್’ ಬೇರೆ, ಒಡಲು ಗುಡುಗಿದ ‘ಧಿಂ’ ಬೇರೆ ಎಂದು ಕೇಳುತ್ತದೆ. ಕೆಟ್ಟದರಲ್ಲಿ ಎರಡೂ ಸೇರಿ ‘ಭುಸ್’. ನಾಲ್ಕಿಂಚಿನ ವೂಫರ್, ಅದರ ಮೇಲೊಂದು ಪ್ರತ್ಯೇಕ ಟ್ವೀಟರ್, ಗಟ್ಟಿ ಮರದ ಹಲಗೆಯ ಡಬ್ಬಿ. ಹಾಡು ಕೇಳುವವರಿಗೆ ಇದು ಕನಿಷ್ಠ ಎಂದು ನಾನು ಹೇಳುತ್ತೇನೆ. ಅದಕ್ಕೆ ಹಣ ಸಾಲದೆಂದರೆ ಸಣ್ಣದನ್ನೇ ತೆಗೆದುಕೊಳ್ಳಿ, ಮುಂದೆ ದೊಡ್ಡದಕ್ಕೆ ಕೂಡಿಡಿ. ಆದರೆ ಅದೇ ಬೆಲೆಗೆ ಸಬ್‌ವೂಫರ್ ಸಮೇತ ಸಿಗುವ 2.1ಕ್ಕೆ ಮಾತ್ರ ಮರುಳಾಗಬೇಡಿ.

ಯಾಕೆ ಎಂದು ಹೇಳುತ್ತೇನೆ. 80 ಹರ್ಟ್ಸ್‌ನ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಹೇಳಲಾಗುವುದಿಲ್ಲ. ಅದಕ್ಕೇ ಸಬ್‌ವೂಫರನ್ನು ಮೇಜಿನ ಕೆಳಗೆ ಎಲ್ಲಾದರೂ ಇಡಬಹುದು. ಆದರೆ ಅಗ್ಗದ 2.1ರಲ್ಲಿ ಮೇಲಿನ ಎರಡು ಸ್ಪೀಕರುಗಳು ಮುಷ್ಟಿಗಾತ್ರದವು, 200 ಹರ್ಟ್ಸ್‌ಗಿಂತ ಕೆಳಗೆ ಇಳಿಯಲಾರವು. ಉಳಿದದ್ದನ್ನೆಲ್ಲ ಪಾಪ, ಕೆಳಗಿನ ಡಬ್ಬವೇ ಹೊರಬೇಕು. ಗಂಡು ದನಿಯ ಅರ್ಧ ಮೇಜಿನ ಮೇಲಿನಿಂದ, ಅರ್ಧ ಕಾಲಿನ ಹತ್ತಿರದಿಂದ ಬರುತ್ತದೆ. ಅದರ ಮೇಲೆ, ಜೋರಾಗಿ ಕೇಳಲಿ ಎಂದು ಆ ಡಬ್ಬದ ಗಾಳಿರಂಧ್ರವನ್ನು ಒಂದೇ ಸ್ವರಕ್ಕೆ ಕೂಡಿಸಿರುತ್ತಾರೆ. ವೀಣೆಯ ಮಂದ್ರ ಬರಲಿ, ತಬಲಾದ ಬಾಯಾ ಬರಲಿ, ಲಾರಿ ಗುದ್ದಿದ ಸದ್ದು ಬರಲಿ, ಅದು ಹೇಳುವುದು ಒಂದೇ ‘ಗುಂ’. ಡಬ್ಬದ ಗಾತ್ರ ಮತ್ತು ಆ ರಂಧ್ರದ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಎಷ್ಟು ಅಚ್ಚುಕಟ್ಟಾಗಿ ಬಿಡಿಸಿಕೊಟ್ಟರೆಂದರೆ ಒಳ್ಳೆಯ ಡಬ್ಬಿ ಮಾಡುವುದು ಇವತ್ತು ರಹಸ್ಯವೇನಲ್ಲ. ‘ಗುಂ’ ಎಂದರೇ ಗಿರಾಕಿ ತಲೆದೂಗುತ್ತಾನೆ ಎಂಬುದು ಅಂಗಡಿಯ ಲೆಕ್ಕ.

ಆ ‘ಗುಂ’ಗೆ ನಮ್ಮ ಕೋಣೆಗಳೂ ಕುಮ್ಮಕ್ಕು ಕೊಡುತ್ತವೆ. ಊರಿಗೆಲ್ಲ ಒಂದೇ ಅಳತೆ, ಹತ್ತಕ್ಕೆ ಹತ್ತು ಅಡಿಯ ಕೋಣೆ, ಹತ್ತಡಿ ಎತ್ತರದ ಆರ್‌ಸಿಸಿ ತಾರಸಿ, ನೆಲಕ್ಕೆ ನುಣುಪಾದ ಟೈಲ್ಸು. ಹತ್ತಡಿಯ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆ ಸರಿಯಾಗಿ ಹಿಡಿಸಿ ನಿಂತುಬಿಡುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಮೂರು ಕಡೆಯಿಂದಲೂ ಅದೇ 56. ಬೆನ್ನು ಗೋಡೆಗೆ ತಾಗಿಸಿ ಕೂತರೆ ಎದೆ ನಡುಗುವಷ್ಟು ಬೇಸ್. ಎದ್ದು ಕೋಣೆಯ ನಟ್ಟನಡುವೆ ನಿಂತರೆ ಅದೇ ಸ್ವರ ಮಾಯ. ಸ್ಪೀಕರ್ ಬದಲಿಸಿದರೆ ಇದು ಹೋಗುವುದಿಲ್ಲ, ಕುರ್ಚಿಯನ್ನು ಎರಡಡಿ ಸರಿಸಿದರೆ ಹೋಗಬಹುದು. ಮಲೆನಾಡಿನ ಹೆಂಚಿನ ಮನೆಯಲ್ಲಿ ಹಳೆಯ ರೇಡಿಯೊ ಕೂಡ ಹಿತವಾಗಿ ಕೇಳುತ್ತಿದ್ದುದಕ್ಕೆ ಬರೀ ಬಾಲ್ಯದ ಮೋಹ ಕಾರಣವಲ್ಲ. ಇಳಿಜಾರು ಮಾಡು, ಸಂದಿಗಳಿರುವ ಹೆಂಚು, ಮೂಲೆಯಲ್ಲಿ ಅಡಿಕೆ ಮೂಟೆ. ಅಲೆ ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ. ತಾರಸಿ ಮನೆಯವರು ಪುಸ್ತಕದ ಕಪಾಟು, ದಪ್ಪ ಪರದೆ, ಹತ್ತಿಯ ಹಾಸಿಗೆಯಿಂದ ಮೇಲಿನ ಸ್ವರಗಳ ಗದ್ದಲವನ್ನಾದರೂ ತಗ್ಗಿಸಬಹುದು. ಕೆಳಗಿನ ಸ್ವರಗಳು ಪರದೆಗೆ ಬಗ್ಗುವಂಥವಲ್ಲ. 50 ಹರ್ಟ್ಸ್‌ನ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ. ಅದು ನೇರವಾಗಿ ಕೆಳಗಿನ ಮನೆಯವರ ತೊಟ್ಟಿಲಿಗೆ ಇಳಿಯುತ್ತದೆ. ರಾತ್ರಿ ಹತ್ತರ ಮೇಲೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಎಂಬ ಮಿತಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲೇ ಇದೆ.

ಅಂಗಡಿಯಲ್ಲಿ ಕೇಳಿ ನೋಡುವುದಕ್ಕೂ ಒಂದು ರೀತಿ ಇದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಜನರನ್ನು ಪರದೆಯ ಈಚೆ ಕೂರಿಸಿ, ಯಾವ ಸ್ಪೀಕರ್ ಎಂದು ತಿಳಿಯದ ಹಾಗೆ ಕೇಳಿಸಿ ವರ್ಷಗಟ್ಟಲೆ ಪರೀಕ್ಷೆ ಮಾಡಿದ. ಹೀಗೆ ಕೇಳಿದಾಗ ಹೆಚ್ಚಿನವರು ಮೆಚ್ಚಿದ್ದು ಯಾವ ಸ್ವರವನ್ನೂ ಹಿಗ್ಗಿಸದೆ ಕುಗ್ಗಿಸದೆ ನುಡಿಸುವ ಸ್ಪೀಕರನ್ನೇ. ಸಹೋದ್ಯೋಗಿ ಶಾನ್ ಆಲಿವ್ ಜೊತೆ ಸೇರಿ 1994ರಲ್ಲಿ ಅವನು ಇನ್ನೊಂದನ್ನು ತೋರಿಸಿದ. ಪರದೆ ಸರಿಸಿ ಸ್ಪೀಕರುಗಳನ್ನು ಕಣ್ಣಿಗೆ ಕಾಣಿಸಿದ ಕೂಡಲೇ ಅದೇ ಜನರ ತೀರ್ಪು ಬದಲಾಯಿತು. ದೊಡ್ಡದು, ಬೆಲೆಬಾಳುವಂಥದು ಹೆಚ್ಚು ಅಂಕ ಪಡೆಯಿತು. ಆದ್ದರಿಂದ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳಿ, ನಗುವವರು ನಗಲಿ. ಎರಡನ್ನು ಹೋಲಿಸುವಾಗ ಎರಡರ ಸದ್ದೂ ಸಮವಾಗಿರಲಿ. ಒಂದು ಚೂರು ಜೋರಾಗಿದ್ದರೂ ಅದೇ ಚೆನ್ನ ಎಂದು ಕಿವಿ ಮೋಸ ಹೋಗುತ್ತದೆ, ಅಂಗಡಿಯವನಿಗೆ ಇದು ಹೊಟ್ಟೆಪಾಡಿನ ವಿದ್ಯೆ. ಮೆಲ್ಲಗೆ ಇಟ್ಟಾಗ ಮಂದ್ರಸ್ವರಗಳು ಕಿವಿಗೆ ಬೇಗ ಮಸುಕಾಗುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಮನೆಯಲ್ಲಿ ಎಷ್ಟು ಜೋರಾಗಿ ಕೇಳುತ್ತೀರೋ ಅಷ್ಟಕ್ಕೇ ಇಳಿಸಿ ಕೇಳಿ. ಅಲ್ಲೂ ಹಿತವಾಗಿದ್ದರೆ ಮುಂದಿನ ಮಾತು.

ಹಾಡು ನಿಮ್ಮದೇ ಇರಲಿ, ಬಾಯಿಪಾಠ ಆಗಿರುವಂಥದ್ದು. ನಾನು ಪೆನ್‌ಡ್ರೈವಿನಲ್ಲಿ ಒಯ್ಯುವುದು ಪಿ.ಬಿ. ಶ್ರೀನಿವಾಸ್ ಹಾಡಿದ 1960ರ ದಶಕದ ಒಂದು ಚಿತ್ರಗೀತೆ. ಆ ಕಾಲದ ನಮ್ಮ ಹಾಡುಗಳು ಸಾಮಾನ್ಯವಾಗಿ ಮೋನೊ, ಎಡಕ್ಕೂ ಬಲಕ್ಕೂ ಒಂದೇ ದನಿ. ಎರಡು ಸ್ಪೀಕರುಗಳೂ ಸರಿಸಮ ಇದ್ದರೆ ಗಾಯಕ ಎಡದಲ್ಲೂ ಇರುವುದಿಲ್ಲ, ಬಲದಲ್ಲೂ ಇರುವುದಿಲ್ಲ. ಎರಡರ ನಡುವಿನ ಖಾಲಿ ಜಾಗದಲ್ಲಿ, ಮಾನಿಟರಿನ ನೆತ್ತಿಯ ಹತ್ತಿರ ನಿಂತು ಹಾಡುತ್ತಾರೆ. ದನಿ ಒಂದು ಕಡೆ ವಾಲಿದರೆ ಜೋಡಿಯಲ್ಲಿ ಹೊಂದಾಣಿಕೆ ಇಲ್ಲ. ಗಾಯಕ ಎಲ್ಲಿದ್ದಾರೆಂದೇ ತಿಳಿಯದೆ ತಲೆಯ ಸುತ್ತ ಟೊಳ್ಳಾಗಿ ಕೇಳಿದರೆ ಒಂದರ ವೈರು ತಿರುವುಮುರುವಾಗಿದೆ. ಸಾವಿರಾರು ರೂಪಾಯಿಯ ಉಪಕರಣ ಹೇಳಬಹುದಾದ್ದನ್ನು ಮೂರು ನಿಮಿಷದ ಹಳೆಯ ಹಾಡು ಹೇಳಿಬಿಡುತ್ತದೆ. ಇದಾದ ಮೇಲೆ ಅವನ ಆಟದ ವಿಡಿಯೊ ಒಂದನ್ನು ಹಾಕಿದೆವು. ಹೆಲಿಕಾಪ್ಟರ್ ಎಡದಿಂದ ಬಲಕ್ಕೆ ಹೋಗುವಾಗ ನಡುವೆ ತೂತು ಬೀಳದೆ ಹೋಯಿತು. ಹುಡುಗ ಮೊದಲ ಸಲ ಡ್ರ್ಯಾಗನ್ನನ್ನು ಮರೆತ.

ಹಳೆಯ ಸಾಮಾನಿನ ಆಸೆಯೂ ಕೆಲವರಿಗಿರುತ್ತದೆ. ಮನೆಯ ಅಟ್ಟದಲ್ಲಿ ಎಂಬತ್ತರ ದಶಕದ ಸ್ಟೀರಿಯೊದ ದೊಡ್ಡ ಸ್ಪೀಕರುಗಳಿದ್ದರೆ ಬಿಸಾಡಬೇಡಿ. ಅವಕ್ಕೆ ಆಂಪ್ಲಿಫೈಯರ್ ಬೇರೆ ಬೇಕು, ಅಷ್ಟೇ. ಆದರೆ ಕೋನಿನ ಅಂಚನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ಅದು ಫೋಮಿನದಾಗಿದ್ದರೆ, ಅದರಲ್ಲೂ ಕರಾವಳಿಯ ತೇವದಲ್ಲಿ ಇದ್ದದ್ದಾದರೆ, ಹಪ್ಪಳದ ಹಾಗೆ ಪುಡಿಯಾಗಿರುತ್ತದೆ. ರಬ್ಬರಿನದಾದರೆ ಇನ್ನೂ ಬದುಕಿರಬಹುದು.

ತಂದ ಮೇಲೆ ಇಡುವುದು ಕೊಳ್ಳುವುದಕ್ಕಿಂತ ದೊಡ್ಡ ಕೆಲಸ, ಖರ್ಚಿಲ್ಲದ ಕೆಲಸ. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ, ಅವುಗಳಿಂದ ನಿಮ್ಮ ತಲೆಗೂ ಅಷ್ಟೇ ದೂರ ಇರಲಿ. ಮುಖ ನಿಮ್ಮ ಕಡೆ ಕೊಂಚ ತಿರುಗಿರಲಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು, ಏಕೆಂದರೆ ಎತ್ತರದ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುವಂಥವು. ಮೇಜಿನ ಮೇಲೆ ಹಾಗೇ ಇಟ್ಟರೆ ಅವು ನಿಮ್ಮ ಅಂಗಿಯ ಗುಂಡಿಗೆ ಹಾಡುತ್ತವೆ. ಕ್ರಿಯೇಟಿವ್‌ನ ಪೆಬಲ್ ಎಂಬ ಗುಂಡಗಿನ ಪುಟ್ಟ ಸ್ಪೀಕರುಗಳ ಮುಖವನ್ನು 45 ಡಿಗ್ರಿ ಮೇಲಕ್ಕೆ ಎತ್ತಿ ಮಾಡಿರುವುದು ಇದಕ್ಕೇ. ಡಬ್ಬಿಯ ಬೆನ್ನಿನಲ್ಲಿ ಗಾಳಿರಂಧ್ರ ಇದ್ದರೆ ಗೋಡೆಗೆ ಅಂಟಿಸಬೇಡಿ, ಒಂದು ಗೇಣಾದರೂ ಬಿಡಿ; ಮೂಲೆಗೆ ತಳ್ಳಿದರಂತೂ ಮತ್ತೆ ಅದೇ ‘ಗುಂ’.

ಹಾಡಿಲ್ಲದಾಗಲೂ ಸ್ಪೀಕರ್ ‘ಹೂಂ’ ಎಂದು ಗುನುಗುತ್ತಿದ್ದರೆ ತಕ್ಷಣ ಅಂಗಡಿಗೆ ಓಡಬೇಡಿ. ಲ್ಯಾಪ್‌ಟಾಪಿನ ಚಾರ್ಜರನ್ನು ಒಮ್ಮೆ ಕಿತ್ತು ನೋಡಿ. ಗುನುಗು ನಿಂತರೆ ಸ್ಪೀಕರ್ ನಿರಪರಾಧಿ. ಅದು ಮನೆಯ ಅರ್ಥಿಂಗಿನ ತಕರಾರು, 50 ಹರ್ಟ್ಸ್‌ನ ಕರೆಂಟೇ ಹಾಡುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮೌಸ್ ಆಡಿಸಿದಾಗಲೆಲ್ಲ ‘ಗರಗರ’ ಬಂದರೆ ಕ್ಯಾಬಿನೆಟ್ಟಿನ ಮುಂದಿನ ಕಿಂಡಿಯಿಂದ ತೆಗೆದು ಹಿಂದಿನ ಹಸಿರು ಕಿಂಡಿಗೆ ಹಾಕಿ. ಮುಂದಿನದಕ್ಕೆ ಹೋಗುವ ಒಳವೈರು ಎಲ್ಲ ಗಲಾಟೆಯ ನಡುವೆ ಹಾದುಬರುತ್ತದೆ.

ಕೊನೆಗೆ ನಾವು ತಂದದ್ದು ನಾಲ್ಕಿಂಚಿನ ವೂಫರಿನ, ದೀಪವಿಲ್ಲದ, ಡ್ರ್ಯಾಗನ್ ಇಲ್ಲದ ಎರಡು ಮರದ ಡಬ್ಬಿಗಳನ್ನು. ಮಿಕ್ಕ ಹಣಕ್ಕೆ ಅವನಿಗೊಂದು ಹೆಡ್‌ಫೋನ್. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲು ಐದು ಬೆರಳಗಲ ಸಾಲದಾಯಿತು. ಸ್ಟ್ಯಾಂಡ್ ಕೊಳ್ಳೋಣ ಅಂದ. ನಾನು ಕಪಾಟಿನಿಂದ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಲ್ಲಿ ಎರಡನ್ನು ತೆಗೆದು ಒಂದೊಂದರ ಕೆಳಗೆ ಇಟ್ಟೆ. ಈಗ ಆ ಎರಡರೊಳಗಿನ ಪದ ಯಾವುದಾದರೂ ಬೇಕಾದರೆ ಏಳು ಗಂಟೆಯೊಳಗೆ ನೋಡಿಕೊಳ್ಳಬೇಕು.